ಹುಳ ಗಡಿ ದಾಟಿತು, ಸುದ್ದಿ ದಾಟಲಿಲ್ಲ

ಪಾವಗಡ ಕರ್ನಾಟಕದ ತಾಲ್ಲೂಕು, ಆದರೆ ಸುತ್ತ ಬಹುಪಾಲು ಆಂಧ್ರ. ನಮ್ಮ ಮಡಕಶಿರಾ ಆಂಧ್ರದ್ದು, ಆದರೆ ಮೂರು ದಿಕ್ಕಿಗೂ ಕರ್ನಾಟಕ. ಹಿಂದೆ ಇದು ಮದರಾಸು-ಮೈಸೂರು ಗಡಿ, ಈಗ ಆಂಧ್ರ-ಕರ್ನಾಟಕ ಗಡಿ. ಗೆರೆ ಹಳೆಯದೇ, ಹೆಸರು ಮಾತ್ರ ಹೊಸದು. ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರದ ಕಡೆ ಮನೆಮಾತು ಕನ್ನಡ, ಕಚೇರಿ ಮಾತು ತೆಲುಗು. ಹೆಣ್ಣು ಕೊಡುವುದು ತರುವುದು ಶಿರಾ, ಮಧುಗಿರಿ, ಗೌರಿಬಿದನೂರು ಸೀಮೆಗೆ. ಹೆಣ್ಣಿನ ಜೊತೆಗೆ ಬಾಳೆ ಕಂದು ಬರುತ್ತದೆ, ಹಿಪ್ಪುನೇರಳೆ ಕಡ್ಡಿ ಬರುತ್ತದೆ, ಅಡಿಕೆ ಸಸಿ, ವೀಳ್ಯದ ಬಳ್ಳಿ ಹೋಗುತ್ತದೆ. ಬೀಗರ ಮನೆಯಿಂದ ಬಂದ ಬಾಳೆ ಕಂದಿಗೆ ರಸೀದಿ ಕೇಳುವವರುಂಟೇ?

ಆದರೆ ಕಾಯಿದೆಯ ಪ್ರಕಾರ ಕೇಳಬಹುದು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ರೋಗ, ಹುಳ, ಕೆಟ್ಟ ಕಳೆ ಅಂಟಿಕೊಂಡ ಗಿಡ, ಬೀಜ, ಮಣ್ಣು ಹೋಗದಂತೆ ತಡೆಯುವ ಅಧಿಕಾರ ಸರ್ಕಾರಕ್ಕೆ ಬಹಳ ಹಿಂದಿನಿಂದ ಇದೆ. ಇದನ್ನೇ ಸಸ್ಯ ಕ್ವಾರಂಟೈನ್ ಅನ್ನುತ್ತಾರೆ. 2020ರಲ್ಲಿ ಕೊರೋನಾ ಬಂದು ಊರೂರಿಗೆ ಈ ಪದ ಕಲಿಸಿತು. ಅದಕ್ಕೆ ಮುಂಚೆ ಈ ಮಾತು ಹೇಳಿದರೆ, "ಗಿಡಕ್ಕೂ ಜೈಲೇನಪ್ಪ?" ಅಂತ ನಗುತ್ತಿದ್ದರು. ಈಗ ಯಾರೂ ನಗುವುದಿಲ್ಲ. ಮನುಷ್ಯರನ್ನೇ ಹದಿನಾಲ್ಕು ದಿನ ಶಾಲೆಯಲ್ಲಿ ಕೂರಿಸಿದ್ದನ್ನು ಎಲ್ಲರೂ ಕಂಡಿದ್ದಾರೆ.

ಹಳೆಯ ಕಾಯಿದೆ

ಮೊದಲನೆಯದು 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯಿದೆ. ಬ್ರಿಟಿಷರಿಗೆ ಆಗ ಇದ್ದ ದೊಡ್ಡ ಭಯ ಅಮೆರಿಕದ ಹತ್ತಿಕಾಯಿ ಮೂತಿಹುಳದ್ದು. ಮುಂಬಯಿ ಬಂದರಿಗೆ ಬಂದ ಅಮೆರಿಕದ ಹತ್ತಿ ಮೂಟೆಗೆ ಹೊಗೆ ಹಾಕುವುದನ್ನು 1906ರಲ್ಲೇ ಶುರು ಮಾಡಿದ್ದರು. ಆ ಹುಳ ಇಂದಿಗೂ ಭಾರತದಲ್ಲಿ ನೆಲೆ ನಿಂತಿಲ್ಲ. ಬಾಗಿಲಲ್ಲೇ ತಡೆದರೆ ತಡೆಯಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ನಮ್ಮ ಕಡೆಗೆ ಲಾಗೂ ಆದದ್ದು ಮದರಾಸಿನ 1919ರ ಕೃಷಿ ಪೀಡೆ ಮತ್ತು ರೋಗಗಳ ಕಾಯಿದೆ. ಪ್ರಾಂತ್ಯಗಳು ಮಾಡಿದ ಇಂಥ ಕಾಯಿದೆಗಳಲ್ಲಿ ಇದು ಮೊದಲ ಸಾಲಿನದು. ಮಡಕಶಿರಾ, ರಾಯದುರ್ಗ, ಆದವಾನಿ ಎಲ್ಲ ಆಗ ಮದರಾಸಿಗೆ ಸೇರಿದ್ದವು. ಆಂಧ್ರ ಬೇರೆಯಾದಾಗ ಅದೇ ಕಾಯಿದೆ ಹೆಸರು ಬದಲಿಸಿಕೊಂಡು ಜೊತೆಗೆ ಬಂತು. ಗಡಿಯಾಚೆ ಕರ್ನಾಟಕದಲ್ಲಿ 1968ರ ಕಾಯಿದೆ. ಎರಡರ ತಿರುಳೂ ಹೆಚ್ಚು ಕಡಿಮೆ ಒಂದೇ: ಸರ್ಕಾರ ಯಾವುದಾದರೂ ಹುಳ, ರೋಗ, ಕಳೆಯನ್ನು ಪೀಡೆ ಎಂದು ಘೋಷಿಸಬಹುದು. ಘೋಷಿಸಿದ ಮೇಲೆ ಹೊಲದವನು ಹೇಳಿದ ಕ್ರಮ ಕೈಗೊಳ್ಳಲೇಬೇಕು. ಕೈಗೊಳ್ಳದಿದ್ದರೆ ಇನ್‌ಸ್ಪೆಕ್ಟರು ಹೊಲಕ್ಕೆ ಇಳಿದು ಮಾಡಿಸಿ, ಖರ್ಚನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಬಹುದು.

ಮದರಾಸಿನವರು ಇದನ್ನು ಸುಮ್ಮನೆ ಪುಸ್ತಕದಲ್ಲಿ ಇಡಲಿಲ್ಲ. ಕೊಯಮತ್ತೂರು ಕಡೆ ಕೊಯ್ಲಾದ ಹತ್ತಿ ಕಡ್ಡಿಯನ್ನು ಗೊತ್ತಾದ ತಾರೀಖಿನೊಳಗೆ ಕೀಳಲೇಬೇಕು ಎಂದು ಮಾಡಿದ್ದರು. ದಕ್ಷಿಣ ಕನ್ನಡದ ಕರಾವಳಿಯಲ್ಲಿ ತೆಂಗಿನ ಕಪ್ಪುತಲೆ ಹುಳದ ಮೇಲೂ, ಕಡಲೆಕಾಯಿ ಸೀಮೆಗಳಲ್ಲಿ ಕಂಬಳಿ ಹುಳದ ಮೇಲೂ ಇದೇ ಕಾಯಿದೆ ಹೂಡಿದ್ದರು. ನನ್ನ ವಯಸ್ಸಿನಲ್ಲಿ ಇನ್‌ಸ್ಪೆಕ್ಟರು ಪೀಡೆ ಕಾಯಿದೆ ಹಿಡಿದು ಹೊಲಕ್ಕೆ ಬಂದದ್ದನ್ನು ನಾನಂತೂ ಕಂಡಿಲ್ಲ. ಗೊಬ್ಬರದ ಪಾಸ್‌ಬುಕ್ಕು, ವಿಮೆಯ ಕಾಗದ ನೋಡಲು ಬಂದವರಿದ್ದಾರೆ.

ನೀಲಗಿರಿಯ ಎರಡು ಬಾಗಿಲು

ಗಡಿ ಕಾಯುವುದು ಹೇಗಿತ್ತು ಎಂದು ನೋಡಬೇಕಾದರೆ ನೀಲಗಿರಿಗೆ ಹೋಗಬೇಕು. 1928ರಲ್ಲಿ ಅಲ್ಲಿನ ವ್ಯಾಟಲ್ ಮರಗಳ ಮೇಲೆ ಹತ್ತಿಯ ಅರಳೆ ಅಂಟಿದಂತೆ ಬಿಳಿ ಹುಳ ಕಾಣಿಸಿಕೊಂಡಿತು. ಆಸ್ಟ್ರೇಲಿಯ ಮೂಲದ್ದು. ಕಿತ್ತಳೆ, ನಿಂಬೆಗೆ ಹತ್ತಿದರೆ ತೋಟ ಮುಗಿಯಿತು ಅಂತಲೇ ಲೆಕ್ಕ. ಮದರಾಸಿನವರು ಎರಡು ಕೆಲಸ ಮಾಡಿದರು. ಒಂದು, ಆಸ್ಟ್ರೇಲಿಯದಲ್ಲೇ ಈ ಹುಳವನ್ನು ತಿನ್ನುವ ಗುಲಗಂಜಿ ಹುಳವನ್ನು ತರಿಸಿ ಬಿಟ್ಟರು. ಎರಡು, ಬೆಟ್ಟದಿಂದ ಕೆಳಗಿಳಿಯುವ ದಾರಿಗಳಾದ ಮೆಟ್ಟುಪಾಳ್ಯಂ ಮತ್ತು ಗೂಡಲೂರಿನಲ್ಲಿ ಗಿಡ ತಪಾಸಣೆಯ ಠಾಣೆ ಇಟ್ಟರು. ಊಟಿಯಿಂದ ಹೂವಿನ ಕುಂಡ, ಹಣ್ಣಿನ ಸಸಿ ಹಿಡಿದು ಇಳಿಯುವವರು ಅಲ್ಲಿ ತೋರಿಸಿ ಮುಂದಕ್ಕೆ ಹೋಗಬೇಕು.

ಇದು ನಡೆಯಲು ಕಾರಣ ಬೆಟ್ಟ. ಇಳಿಯುವ ದಾರಿ ಕೆಲವೇ. ಬಾಗಿಲು ಕಡಿಮೆ ಇದ್ದಲ್ಲಿ ಕಾವಲು ಸುಲಭ. ಅಷ್ಟಾದರೂ 1990ರಲ್ಲಿ ಕಾಫಿ ಹಣ್ಣು ಕೊರಕ ಭಾರತದಲ್ಲಿ ಮೊದಲು ಪತ್ತೆಯಾದದ್ದು ಅದೇ ಗೂಡಲೂರಿನಲ್ಲಿ! ಅಲ್ಲಿಂದ ವಯನಾಡು, ಕೊಡಗು ಹಿಡಿಯಿತು. ಬಡಗ ರೈತರ ಆಲೂಗಡ್ಡೆಯದು ಇನ್ನೊಂದು ಕಥೆ. 1961ರಲ್ಲಿ ಊಟಿ ಹತ್ತಿರ ಆಲೂಗಡ್ಡೆ ಬೇರಿನಲ್ಲಿ ಸಾಸಿವೆಗಿಂತ ಸಣ್ಣ ಚಿನ್ನದ ಬಣ್ಣದ ಗುಳ್ಳೆಗಳು ಸಿಕ್ಕಿದವು. ಒಳಗೆಲ್ಲ ಜಂತುಹುಳದ ಮೊಟ್ಟೆ. ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯದೆ ಬಿದ್ದಿರುತ್ತದೆ. ಅಲ್ಲಿನ ಬಿತ್ತನೆ ಗಡ್ಡೆ ಹೊರಗೆ ಹೋಗದಂತೆ ತಮಿಳುನಾಡು ನಿರ್ಬಂಧ ಹಾಕಿತು. 2018ರಲ್ಲಿ ಹಿಮಾಚಲ, ಕಾಶ್ಮೀರ, ಉತ್ತರಾಖಂಡದ ಬಿತ್ತನೆ ಗಡ್ಡೆಗೂ ಇದೇ ಕಾರಣಕ್ಕೆ ಕೇಂದ್ರ ಸರ್ಕಾರ ತಡೆ ಹಾಕಬೇಕಾಯಿತು.

ನಮ್ಮದು ಬಯಲು. ಮಡಕಶಿರಾದಿಂದ ಕರ್ನಾಟಕಕ್ಕೆ ಹೋಗಲು ಎಷ್ಟು ದಾರಿ ಎಂದು ಕೇಳಿದರೆ ಎಷ್ಟು ಹೊಲ ಇವೆಯೋ ಅಷ್ಟು ದಾರಿ. ದೊಡ್ಡ ರಸ್ತೆಯಲ್ಲಿ ತೆರಿಗೆಯ ತನಿಖಾ ಠಾಣೆಗಳಿದ್ದವು, 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಅವೂ ಹೋದವು. ಇದ್ದಾಗಲಾದರೂ ಕಡಲೆಕಾಯಿ ಮೂಟೆ ಎಷ್ಟು ಅಂತ ಎಣಿಸಿದರೇ ಹೊರತು, ಮೂಟೆಯ ಗೋಣಿಗೆ ಏನು ಅಂಟಿದೆ ಅಂತ ನೋಡಿದವರಿಲ್ಲ. ಆದ್ದರಿಂದ ಬಯಲಿನ ಗಡಿಗೆ ಠಾಣೆ ಇಡಿ ಎಂದು ನಾನು ಕೇಳುವುದಿಲ್ಲ. ನಾನು ಕೇಳುವುದು ಬೇರೆ. ಅದು ತಿಳಿಯಬೇಕಾದರೆ 2000ನೇ ಇಸವಿಯ ಮುಂಗಾರು ನೆನಪು ಮಾಡಿಕೊಳ್ಳಬೇಕು.

ಬಾಗೇಪಲ್ಲಿಯಿಂದ ಅನಂತಪುರಕ್ಕೆ ಮೂರು ವರ್ಷ

ಆ ವರ್ಷ ಅನಂತಪುರ ಜಿಲ್ಲೆಯಲ್ಲಿ ಕಡಲೆಕಾಯಿ ಬಿತ್ತನೆ ಚೆನ್ನಾಗಿಯೇ ಆಗಿತ್ತು. ನಮ್ಮ ಸೀಮೆಗೆ ಕಡಲೆಕಾಯಿ ಅಂದರೆ ಟಿಎಂವಿ 2. ತಾತನ ಕಾಲದಿಂದ ಅದೇ ಕಾಯಿ. ಗಿಡ ಗೇಣುದ್ದ ಆಗುವ ಹೊತ್ತಿಗೆ ಎಳೆ ಎಲೆ ಮೇಲೆ ಕಂದು ಚುಕ್ಕೆ, ಆಮೇಲೆ ಕುಡಿ ಕರಕಲು, ಆಮೇಲೆ ಕಾಂಡಕ್ಕೆ ಕಂದು ಗೆರೆ ಇಳಿದು ಗಿಡವೇ ಸುಟ್ಟಂತೆ. ಮಳೆ ಕೈಕೊಟ್ಟಿದ್ದರೆ ಅರ್ಥವಾಗುತ್ತಿತ್ತು, ಬರ ನಮಗೆ ಹೊಸತಲ್ಲ. ಇದು ಹಸಿ ನೆಲದಲ್ಲೇ ಒಣಗುವ ರೋಗ. "ಅಣ್ಣಾ, ಯಾರೋ ಬೆಂಕಿ ಇಕ್ಕಿದಂಗೈತೆ ನೋಡು" ಅಂತ ಪಕ್ಕದ ಹೊಲದವರು ಕರೆದದ್ದು ಈಗಲೂ ಕಿವಿಯಲ್ಲಿದೆ. ಕೆಲವರು ಗೊಬ್ಬರ ಹೆಚ್ಚಾಯಿತು ಅಂದರು, ಕೆಲವರು ಬೀಜ ಕೆಟ್ಟದ್ದು ಅಂದರು, ಅಂಗಡಿಯವರು ಎಲ್ಲದಕ್ಕೂ ಒಂದೊಂದು ಡಬ್ಬ ಕೊಟ್ಟರು.

ಆಮೇಲೆ ವಿಜ್ಞಾನಿಗಳು ಲೆಕ್ಕ ಹಾಕಿದರು. ಸುಮಾರು 2 ಲಕ್ಷ 25 ಸಾವಿರ ಹೆಕ್ಟೇರಿಗೆ ರೋಗ ತಗುಲಿತ್ತು, ನಷ್ಟ 300 ಕೋಟಿ ರೂಪಾಯಿಗೂ ಮೇಲೆ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯವರೂ ಕೃಷಿ ವಿಶ್ವವಿದ್ಯಾಲಯದವರೂ ಕೂಡಿ ಕಾರಣ ಕಂಡುಹಿಡಿದರು. ಅದು ಟೊಬ್ಯಾಕೋ ಸ್ಟ್ರೀಕ್ ಎಂಬ ವೈರಸ್. ರೋಗಕ್ಕೆ ಕಾಂಡ ನೆಕ್ರೋಸಿಸ್ ಎಂದು ಹೆಸರಿಟ್ಟರು.

ಆ ವೈರಸ್ಸಿನ ತವರುಮನೆ ನಮ್ಮ ಹೊಲದ ಬದುವಿನಲ್ಲೇ ಇತ್ತು. ಕಾಂಗ್ರೆಸ್ ಗಿಡ. ಪಾರ್ಥೇನಿಯಂ. ಆ ಗಿಡಕ್ಕೆ ವೈರಸ್ ಇದ್ದರೂ ರೋಗ ಕಾಣಿಸದೆ ಇರಬಹುದು. ವೈರಸ್ ಇರುವುದು ಅದರ ಹೂವಿನ ಪರಾಗದಲ್ಲಿ. ಹೂವಿನಲ್ಲಿ ಆಡುವ ಥ್ರಿಪ್ಸ್ ನುಸಿ ಪರಾಗ ಮೆತ್ತಿಕೊಂಡು ಗಾಳಿಯಲ್ಲಿ ಬಂದು ಎಳೆ ಕಡಲೆಕಾಯಿ ಎಲೆ ಕೆರೆಯುತ್ತದೆ. ಕೆರೆದ ಗಾಯದಿಂದ ವೈರಸ್ ಒಳಗೆ. ಕಡಲೆಕಾಯಿಯಿಂದ ಕಡಲೆಕಾಯಿಗೆ ಹರಡುವುದು ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಒಣಗಿದ ಗಿಡ ಕಿತ್ತು ಕಿತ್ತು ಸುಡುತ್ತಿದ್ದ ನಮ್ಮ ಹೆಣ್ಣಾಳುಗಳ ಬೆವರು ವ್ಯರ್ಥ. ಕೀಳಬೇಕಾಗಿದ್ದದ್ದು ಬದುವಿನ ಗಿಡವನ್ನು, ಅದೂ ಹೂ ಬಿಡುವ ಮುಂಚೆ.

ಇನ್ನು ಗಡಿಯ ಮಾತು. 1997ರಲ್ಲಿ, ಅಂದರೆ ಇದಕ್ಕೆ ಮೂರು ವರ್ಷ ಮುಂಚೆ, ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿ ಸುತ್ತ ಸೂರ್ಯಕಾಂತಿ ಬೆಳೆ ಇದೇ ರೀತಿ ಸುಟ್ಟುಹೋಗಿತ್ತು. ಎಲೆ ಕರಕಲು, ಕತ್ತು ತಿರುಚಿದ ಹೂವು, ಕಾಳಿಲ್ಲ. ಸೂರ್ಯಕಾಂತಿ ನೆಕ್ರೋಸಿಸ್ ಎಂದು ಅದು ಪುಸ್ತಕಕ್ಕೆ ಸೇರಿತು. ವೈರಸ್ ಯಾವುದೆಂದು ಖಚಿತವಾಗಲು ಕೆಲವು ವರ್ಷ ಹಿಡಿಯಿತು. ಖಚಿತವಾದಾಗ ಅದೂ ಇದೇ ವೈರಸ್, ಅದಕ್ಕೂ ಕಾಂಗ್ರೆಸ್ ಗಿಡವೇ ಆಸರೆ. ಬಾಗೇಪಲ್ಲಿಯಿಂದ ಆಂಧ್ರದ ಗಡಿ ಎಷ್ಟು ದೂರ? ಬೆಂಗಳೂರು-ಹೈದರಾಬಾದ್ ರಸ್ತೆಯಲ್ಲಿ ಬಸ್ಸು ಹತ್ತಿ ಟಿಕೆಟ್ ಹರಿಸುವ ಹೊತ್ತಿಗೆ ಗಡಿ ಬಂದಿರುತ್ತದೆ. "ಬಾಗೇಪಲ್ಲಿಯಲ್ಲಿ ಸೂರ್ಯಕಾಂತಿಗೆ ಹಿಂಗಾಗಿದೆ, ನಿಮ್ಮ ಕಡೆ ಕಳೆ ನೋಡಿಕೊಳ್ಳಿ" ಎಂಬ ಒಂದು ಮಾತು ಆ ಮೂರು ವರ್ಷದಲ್ಲಿ ನಮ್ಮ ಊರಿಗೆ ಮುಟ್ಟಲಿಲ್ಲ. ಹೆಸರು ಗೊತ್ತಾಗದ ರೋಗವಾದರೂ ಸರಿ, ಏನೋ ಬಂದಿದೆ ಎಂಬ ಸುದ್ದಿಯಾದರೂ ಬರಬಹುದಿತ್ತು. ಆ ಕಡೆಯ ರೋಗ ಆ ಕಡೆಯ ಇಲಾಖೆಗೆ, ಈ ಕಡೆಯ ರೋಗ ಈ ಕಡೆಯ ಇಲಾಖೆಗೆ.

ವಯ್ಯಾರಿಭಾಮ

ಆ ಕಳೆಯ ಬಗ್ಗೆ ಎರಡು ಮಾತು ಹೇಳದೆ ಮುಂದಕ್ಕೆ ಹೋಗಲಾರೆ. ಮೆಕ್ಸಿಕೊ ಕಡೆಯ ಗಿಡ. 1955ರ ಸುಮಾರಿಗೆ ಪುಣೆಯಲ್ಲಿ ಗುರುತಿಸಿದರು. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತು ಎಂಬ ಮಾತಿದೆ. ಬಿಳಿ ಹೂವು ಗಾಂಧಿ ಟೋಪಿ ಹಾಗೆ ಕಾಣುತ್ತದೆ ಅಂತಲೋ, ಆ ಪಕ್ಷದ ಕಾಲದಲ್ಲಿ ಬಂತು ಅಂತಲೋ ಕನ್ನಡದವರು ಕಾಂಗ್ರೆಸ್ ಗಿಡ ಅಂದರು. ತೆಲುಗಿನವರು ಇಟ್ಟ ಹೆಸರು ಕೇಳಿ: ವಯ್ಯಾರಿಭಾಮ! ಗಾಳಿಗೆ ಬಳುಕುವುದನ್ನು ನೋಡಿ ಯಾವನೋ ರಸಿಕ ಇಟ್ಟಿರಬೇಕು. ಕವಿಯಾಗಿ ನನಗೆ ಹೊಟ್ಟೆಕಿಚ್ಚು, ರೈತನಾಗಿ ಕೋಪ. ಈ ಭಾಮೆಯನ್ನು ಮುಟ್ಟಿದರೆ ಮೈಯೆಲ್ಲ ಕೆರೆತ, ಉಸಿರಾಡಿದರೆ ಕೆಲವರಿಗೆ ಉಬ್ಬಸ. ಒಂದು ಗಿಡಕ್ಕೆ ಹತ್ತು ಸಾವಿರಕ್ಕೂ ಮೇಲೆ ಬೀಜ. ಮರಳು ಲಾರಿಯ ಟೈರಿನಲ್ಲಿ, ಮೇವಿನ ಹೊರೆಯಲ್ಲಿ, ಗೊಬ್ಬರದ ಗಾಡಿಯಲ್ಲಿ ಊರೂರು ತಿರುಗುತ್ತದೆ.

ಇದನ್ನು ಪೀಡೆ ಕಳೆ ಎಂದು ಕರ್ನಾಟಕ 1968ರ ಕಾಯಿದೆಯಡಿ 1975ರಲ್ಲೇ ಘೋಷಿಸಿತು. ಘೋಷಣೆಯಿಂದ ಗಿಡ ಹೆದರಲಿಲ್ಲ. ರೈತನ ಹೊಲದಲ್ಲಿದ್ದರೆ ರೈತ ಕೀಳಬೇಕು. ರಸ್ತೆ ಬದಿಯಲ್ಲಿ, ಶಾಲೆ ಮೈದಾನದಲ್ಲಿ, ಕಚೇರಿ ಕಾಂಪೌಂಡಿನಲ್ಲಿ ಇದ್ದರೆ? ಪೀಡೆ ಕಾಯಿದೆಯ ನೋಟೀಸನ್ನು ಸರ್ಕಾರ ತನಗೆ ತಾನೇ ಜಾರಿ ಮಾಡಿಕೊಳ್ಳಬೇಕಾದೀತು. ಕಾಯಿದೆಗಿಂತ ಹೆಚ್ಚು ಕೆಲಸ ಮಾಡಿದ್ದು ಒಂದು ಪುಟ್ಟ ಜೀರುಂಡೆ. 1983ರಲ್ಲಿ ಮೆಕ್ಸಿಕೊದಿಂದ ಬೆಂಗಳೂರಿಗೆ ತಂದು, ಪರೀಕ್ಷೆ ಮಾಡಿ, 1984ರಲ್ಲಿ ಬಿಟ್ಟರು. ಅದು ಸೂರ್ಯಕಾಂತಿಯನ್ನೂ ಮೇಯುತ್ತದೆ ಅಂತ ಗುಲ್ಲೆದ್ದು ದೊಡ್ಡ ಗಲಾಟೆಯೇ ಆಯಿತು. ಕೊನೆಗೆ ನೆಲೆಯಾಯಿತು. ಮಳೆಗಾಲದಲ್ಲಿ ಕೆಲವು ಕಡೆ ಗಿಡವನ್ನು ಬೋಳು ಮಾಡುತ್ತದೆ. ಆದರೆ ಮಳೆ ಬಂದು ಜೀರುಂಡೆ ಎದ್ದು ಮೇಯುವಷ್ಟರಲ್ಲಿ ನಮ್ಮ ಕಡಲೆಕಾಯಿ ಎರಡೆಲೆ ದಾಟಿರುತ್ತದೆ.

ಪರಂಗಿ ಹಣ್ಣಿಗೆ ಪರಂಗಿ ಹುಳ

ನಮ್ಮ ಹೊಲದ ಬಹುಪಾಲು ಬೆಳೆಗಳೇ ವಲಸೆ ಬಂದವು. ಕಡಲೆಕಾಯಿ, ಮೆಣಸಿನಕಾಯಿ, ಜೋಳದಲ್ಲಿ ಮುಸುಕಿನ ಜೋಳ, ಟೊಮೇಟೊ, ಎಲ್ಲವೂ ಅಮೆರಿಕ ಖಂಡದಿಂದ. ಪಪ್ಪಾಯಿಗೆ ನಮ್ಮ ಹಿರಿಯರು ಪರಂಗಿ ಹಣ್ಣು ಎಂದೇ ಹೆಸರಿಟ್ಟರು. ಗಿಡ ಮುಂಚೆ ಬಂತು, ಅದರ ಹುಳ ನಾನೂರು ವರ್ಷ ತಡವಾಗಿ ವಿಳಾಸ ಹುಡುಕಿಕೊಂಡು ಬಂತು. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಹಿಟ್ಟು ಚೆಲ್ಲಿದಂತೆ ಬೆಳ್ಳಗೆ ಅಂಟು ಅಂಟಾಗಿ ಎಲೆಗೆ ಹತ್ತುವ ಹುಳ. ಪಪ್ಪಾಯಿಗೆ ಮಾತ್ರ ಹತ್ತಿದ್ದರೆ ನಮಗೆ ಅಷ್ಟು ಚಿಂತೆಯಿರಲಿಲ್ಲ. ಅದು ಹಿಪ್ಪುನೇರಳೆಗೆ ಹತ್ತಿತು.

ಹಿಪ್ಪುನೇರಳೆ ಅಂದರೆ ಮಡಕಶಿರಾ, ಹಿಂದೂಪುರ ಸೀಮೆಯ ವಾರದ ಸಂಬಳ. ಗೂಡು ಕಟ್ಟಿದರೆ ಹಿಂದೂಪುರ ಮಾರುಕಟ್ಟೆಗೆ, ರೇಟು ಹೆಚ್ಚಿದ್ದರೆ ಶಿಡ್ಲಘಟ್ಟ, ರಾಮನಗರಕ್ಕೆ. ಬೇರೆ ಬೆಳೆಗೆ ಹುಳ ಬಿದ್ದರೆ ಔಷಧಿ ಹೊಡೆಯಬಹುದು. ಇಲ್ಲಿ ಎಲೆಗೆ ವಿಷ ಹೊಡೆದರೆ ಆ ಎಲೆ ತಿಂದ ರೇಷ್ಮೆ ಹುಳ ಸಾಯುತ್ತದೆ. ವಿಷ ಇಳಿಯುವ ತನಕ ಕಾಯೋಣ ಅಂದರೆ ನಾಲ್ಕನೇ ಜ್ವರದಿಂದ ಎದ್ದ ಹುಳ ಕಾಯುವುದಿಲ್ಲ, ಅದಕ್ಕೆ ಹಗಲೂ ರಾತ್ರಿ ಸೊಪ್ಪು ಬೇಕು. ಎಷ್ಟೋ ಜನ ಚಂದ್ರಿಕೆ ಮೇಲೆತ್ತಿ ಇಟ್ಟುಬಿಟ್ಟರು.

ಈ ಹುಳ ಮೋಡದಲ್ಲಿ ಹಾರಿ ಬರುವ ಜಾತಿಯಲ್ಲ. ಮರಿ ಗಾಳಿಗೆ, ಇರುವೆಗೆ, ಬಟ್ಟೆಗೆ, ಬುಟ್ಟಿಗೆ ಅಂಟಿ ಒಂದಷ್ಟು ದೂರ ಹೋಗುತ್ತದೆ. ಊರಿಂದೂರಿಗೆ ಒಯ್ಯುವುದು ನಾವೇ, ಸಸಿಯ ಜೊತೆ, ಕಡ್ಡಿಯ ಜೊತೆ. ಮೈಸೂರಿನ ಸಂಶೋಧನಾಲಯದ ವಿ1 ತಳಿ ಬಂದ ಮೇಲೆ ಕಡ್ಡಿಗೆ ಎಂಥ ಬೇಡಿಕೆ ಎಂಬುದು ಬೆಳೆಗಾರರಿಗೆ ಗೊತ್ತು. ಟೆಂಪೋ ಟೆಂಪೋ ಕಡ್ಡಿ ಗಡಿ ದಾಟಿದವು. ನಾವೇ ಒಂದು ನರ್ಸರಿಯಿಂದ ತಂದ ಕಟ್ಟಿನಲ್ಲಿ ಕಣ್ಣಿನ ಸಂದಿಗೆಲ್ಲ ಬಿಳಿ ಹಿಟ್ಟು ಮೆತ್ತಿತ್ತು. ಕೇಳಿದ್ದಕ್ಕೆ ನರ್ಸರಿಯವರು, "ಅದು ಧೂಳು ಸ್ವಾಮಿ, ನೀರಾಕಿದ್ರೆ ಓಯ್ತದೆ" ಅಂದರು. ಆ ಕಡ್ಡಿ ಯಾವ ತೋಟದ್ದು, ಯಾವತ್ತು ಕಡಿದದ್ದು ಎಂಬ ಒಂದು ಚೀಟಿ ಕಟ್ಟಿನ ಮೇಲೆ ಇರಲಿಲ್ಲ.

ಪರಿಹಾರ ಬಂದದ್ದು ಮತ್ತೆ ಹುಳದಿಂದಲೇ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೀಟ ಸಂಸ್ಥೆಯವರು 2010ರಲ್ಲಿ ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊರಿಕೊ ದ್ವೀಪದಿಂದ ಮೂರು ಜಾತಿಯ ಕಣಜ ತರಿಸಿದರು. ಕಣಜ ಅಂದರೆ ಕಚ್ಚುವ ಕಣಜವಲ್ಲ, ಗುಂಡುಸೂಜಿಯ ತಲೆಗಿಂತ ಸಣ್ಣದು. ತಿಗಣೆಯ ಹೊಟ್ಟೆಯೊಳಗೆ ಮೊಟ್ಟೆ ಇಟ್ಟು ಅದನ್ನು ಒಳಗಿಂದಲೇ ಮುಗಿಸುತ್ತದೆ. ತಂದ ಕೂಡಲೆ ಬಿಡಲಿಲ್ಲ. ಕ್ವಾರಂಟೈನ್ ಕೋಣೆಯಲ್ಲಿಟ್ಟು, ರೇಷ್ಮೆ ಹುಳಕ್ಕೆ, ಬೇರೆ ಉಪಕಾರಿ ಹುಳಗಳಿಗೆ ತೊಂದರೆಯಿಲ್ಲ ಎಂದು ನೋಡಿ, ಅನುಮತಿ ಪಡೆದು ಅಕ್ಟೋಬರಿನಿಂದ ಬಿಟ್ಟರು. ಕೆಲವೇ ತಿಂಗಳಲ್ಲಿ ಹಿಟ್ಟು ತಿಗಣೆ ಇಳಿಯಿತು. ಕ್ವಾರಂಟೈನ್ ನಿಯಮ ಬರೀ ತಡೆಗೋಡೆಯಲ್ಲ, ಒಳ್ಳೆಯದನ್ನು ಪರೀಕ್ಷಿಸಿ ಒಳಗೆ ಬಿಡುವ ಬಾಗಿಲೂ ಹೌದು ಎಂದು ನನಗೆ ಅನ್ನಿಸಿದ್ದು ಆಗಲೇ. ಆದರೂ ಕೊಯಮತ್ತೂರಿನಲ್ಲಿ ಕಂಡ ಹುಳಕ್ಕೂ ಕಣಜಕ್ಕೂ ನಡುವೆ ಎರಡು ವರ್ಷ ಕಳೆಯಿತು. ಆ ಎರಡು ವರ್ಷವೂ ಕಡ್ಡಿ ವ್ಯಾಪಾರ ನಿಂತಿರಲಿಲ್ಲ.

ಮೂರನೇ ಸಲವೂ ಇದೇ ಆಯಿತು. ಬೆಂಗಳೂರಿನ ಪಪ್ಪಾಯಿ ಗಿಡದಲ್ಲಿ ಹೊಸ ಜಾತಿಯ ಥ್ರಿಪ್ಸ್ ಕಂಡ ವರದಿ ಬಂದದ್ದು 2015ರಲ್ಲಿ. 2021ರಲ್ಲಿ ಅದು ಗುಂಟೂರು, ತೆಲಂಗಾಣ, ಬಳ್ಳಾರಿ ಸೀಮೆಯ ಮೆಣಸಿನಕಾಯಿ ಹೂವಿನೊಳಗೆ ಸೇರಿ ಬೆಳೆ ಕಿತ್ತುಹಾಕುವಂತೆ ಮಾಡಿತು. ನಡುವೆ ಆರು ವರ್ಷ. ಹಾರುವ ಹುಳವನ್ನು ಯಾವ ಠಾಣೆಯೂ ತಡೆಯದು, ಅದು ನಿಜ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಕಂಡ ಮುಸುಕಿನ ಜೋಳದ ಸೈನಿಕ ಹುಳ ಅದೇ ವರ್ಷ ಸುತ್ತಲ ರಾಜ್ಯಗಳನ್ನೆಲ್ಲ ಹಿಡಿಯಿತು. ಅದರ ಪತಂಗ ಒಂದೇ ರಾತ್ರಿ ನೂರು ಕಿಲೋಮೀಟರು ಹಾರಬಲ್ಲದು. ಆದರೆ ಎಲ್ಲ ಹುಳವೂ ಅಷ್ಟು ಅವಸರದ್ದಲ್ಲ. ಮೊದಲು ಕಂಡ ದಿನಕ್ಕೂ ನಮ್ಮ ಹೊಲಕ್ಕೆ ಬರುವ ದಿನಕ್ಕೂ ನಡುವೆ ಎರಡು, ಮೂರು, ಆರು ವರ್ಷ ಸಿಗುತ್ತದೆ. ಬಯಲು ಗಡಿಯಲ್ಲಿ ನಿಜವಾದ ಕ್ವಾರಂಟೈನ್ ಅಂದರೆ ಆ ಅವಧಿಯನ್ನು ಬಳಸಿಕೊಳ್ಳುವುದು.

ಹೆಸರಿನ ಗೋಜಲು

ಸುದ್ದಿ ಬಂದರೂ ಯಾವ ಭಾಷೆಯಲ್ಲಿ ಬರುತ್ತದೆ? ನಮ್ಮ ಮಂಡಲಗಳಿಗೆ ಬರುವ ಕರಪತ್ರ ತೆಲುಗಿನದು. ಗಡಿಯ ಎರಡೂ ಕಡೆ ಎರಡೂ ಭಾಷೆ ಮಾತಾಡುವವರಿದ್ದಾರೆ, ಸರಿ. ಮಾತಾಡುವುದು ಬೇರೆ, ಹುಳದ ಹೆಸರು ಗುರುತಿಸುವುದು ಬೇರೆ. ಹಿಟ್ಟು ತಿಗಣೆಗೆ ತೆಲುಗಿನಲ್ಲಿ ಪಿಂಡಿ ನಲ್ಲಿ ಅನ್ನುತ್ತಾರೆ. ತೆಲುಗಿನ ನಲ್ಲಿ ಅಂದರೆ ತಿಗಣೆ. ಕನ್ನಡದವನಿಗೆ ನಲ್ಲಿ ಅಂದರೆ ನೀರು ಬರುವ ನಲ್ಲಿ. ಹಿಟ್ಟು ಸುರಿಯುವ ನಲ್ಲಿ ಯಾವುದಪ್ಪ ಅಂತ ನಮ್ಮ ಊರಿನ ಒಬ್ಬ ಹಿರಿಯರು ಗಂಭೀರವಾಗಿಯೇ ಕೇಳಿದ್ದರು. ಕೊಳೆ ರೋಗಕ್ಕೆ ತೆಲುಗಿನಲ್ಲಿ ಕುಳ್ಳು ತೆಗುಲು. ನಮ್ಮ ಹೆಂಗಸರಿಗೆ ಕುಳ್ಳು ಅಂದರೆ ಒಲೆಗೆ ಹಾಕುವ ಬೆರಣಿ. ಥ್ರಿಪ್ಸ್‌ಗೆ ತಾಮರ ಪುರುಗು ಅನ್ನುತ್ತಾರೆ. ಕನ್ನಡ ಕಿವಿಗೆ ಅದು ತಾವರೆ ಕೊಳದ ಹುಳ. ಎಲ್ಲವೂ ಹೀಗೇ ಅಂತಲ್ಲ. ಕನ್ನಡದ ಕಂಬಳಿ ಹುಳ ತೆಲುಗಿನಲ್ಲಿ ಗೊಂಗಳಿ ಪುರುಗು. ಗೊಂಗಳಿ ಅಂದರೂ ಕಂಬಳಿಯೇ. ಹಳೆಯ ಹುಳಕ್ಕೆ ಎರಡು ಭಾಷೆಯೂ ಒಂದೇ ಬಟ್ಟೆ ಹೊದಿಸಿದೆ. ಹೊಸ ಹುಳಕ್ಕೆ ಇನ್ನೂ ಅಂಥ ಹೆಸರು ಹುಟ್ಟಿಲ್ಲ.

ಆದ್ದರಿಂದ ಗಡಿ ತಾಲ್ಲೂಕುಗಳಿಗೆ ಬೇಕಾದದ್ದು ಎರಡು ಭಾಷೆಯಲ್ಲಿ ಅಚ್ಚಾದ ಒಂದು ಹಾಳೆ. ಮೇಲೆ ಬಣ್ಣದ ಚಿತ್ರ, ಕೆಳಗೆ ಕನ್ನಡ ಹೆಸರು, ತೆಲುಗು ಹೆಸರು, ಮೊದಲು ಎಲ್ಲಿ ಕಂಡಿತು, ಯಾವುದರ ಜೊತೆ ಬರುತ್ತದೆ. ಹಿಂದೂಪುರದ ಗೂಡಿನ ಮಾರುಕಟ್ಟೆಯಲ್ಲಿ, ಮಡಕಶಿರಾ, ಪಾವಗಡ, ಬಾಗೇಪಲ್ಲಿ ಸಂತೆಗಳಲ್ಲಿ ಅಂಟಿಸಿದರೆ ಸಾಕು. 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೀಟ ನಿಗಾ ವ್ಯವಸ್ಥೆಯೊಂದನ್ನು ಶುರು ಮಾಡಿದೆ. ಫೋನಿನಲ್ಲಿ ಹುಳದ ಫೋಟೋ ಕಳಿಸಿದರೆ ಏನೆಂದು ತಿಳಿಸುವಂಥದ್ದು. ಒಳ್ಳೆಯದೇ. ಫೋಟೋ ಕಳಿಸಿದವನಿಗೆ ಉತ್ತರ ಬಂದರೆ ಸಾಲದು, ಪಕ್ಕದ ರಾಜ್ಯದ ಪಕ್ಕದ ತಾಲ್ಲೂಕಿಗೂ ಅದೇ ದಿನ ಸುದ್ದಿ ಹೋಗಬೇಕು.

ನರ್ಸರಿಗಳ ವಿಷಯದಲ್ಲಿ ಮಾತ್ರ ಕಾಯಿದೆ ಗಟ್ಟಿಯಾಗಬೇಕು. ಸಾವಿರ ದಾರಿ ಕಾಯುವ ಬದಲು ಸಸಿ ಹುಟ್ಟುವ ಜಾಗ ಕಾಯಬಹುದು. ಕಟ್ಟಿನ ಮೇಲೆ ಊರು, ತೋಟ, ಕಡಿದ ತಾರೀಖು ಇರಬೇಕು. ಈಗಿನ ಕಾಯಿದೆಗಳಲ್ಲೇ ಅದಕ್ಕೆ ಜಾಗವಿದೆ. 1914ರ ಕಾಯಿದೆಯ ಬದಲಿಗೆ 2013ರಲ್ಲಿ ಲೋಕಸಭೆಯಲ್ಲಿ ಕೃಷಿ ಜೈವಿಕ ಸುರಕ್ಷತೆಯ ಮಸೂದೆ ತಂದಿದ್ದರು, 2014ರಲ್ಲಿ ಲೋಕಸಭೆ ಮುಗಿದಾಗ ಅದೂ ಬಿದ್ದುಹೋಯಿತು. ಹೊಸದು ಬರುವಾಗ ಒಂದು ವಿಷಯ ಸೇರಿಸಲಿ. ರೋಗ ಬಂದಿದೆ ಎಂದು ತಾನೇ ಬಂದು ಹೇಳಿದ ರೈತನ ತೋಟ ಕೀಳಿಸಿದರೆ ಅವನಿಗೆ ಏನು ಕೊಡುತ್ತೀರಿ ಎಂಬುದನ್ನು ಮೊದಲೇ ಬರೆದಿಡಬೇಕು. ಅದು ಗೊತ್ತಿಲ್ಲದ ರೈತ ರೋಗವನ್ನು ಮುಚ್ಚಿಡುತ್ತಾನೆ. ಹೊಟ್ಟೆಪಾಡು, ಬೇರೆ ಏನು ಮಾಡಿಯಾನು?

ನಾವು ಮಾಡಬಹುದಾದದ್ದೂ ಇದೆ, ಖರ್ಚಿಲ್ಲದ್ದು. ಬೀಗರ ಮನೆಯಿಂದ ಕಂದು ಬರಲಿ, ಬೇಡ ಅನ್ನಲಾಗದು. ಆದರೆ ಬೇರಿನ ಮಣ್ಣು ಅಲ್ಲೇ ಒದರಿ ತರಬೇಕು. ಬಾಳೆ ಕಂದಿನ ಗಡ್ಡೆ ಹೆರೆದು ನೋಡಬೇಕು, ಕೊರೆದ ಗುರುತಿದ್ದರೆ ಅಲ್ಲೇ ಬಿಡಬೇಕು. ಎಲೆ ಎಲ್ಲ ತುದಿಯಲ್ಲಿ ಗುತ್ತಿಯಾದ ಬಂಚಿಟಾಪ್ ತೋಟದ ಕಂದನ್ನು ಮುಟ್ಟಲೇಬಾರದು. ಕೇರಳ, ತಮಿಳುನಾಡಿನಂಥ ರಾಜ್ಯಗಳಿಂದ ಬಾಳೆ ಗಿಡ ಹೊರಗೆ ಸಾಗಿಸಬಾರದು ಎಂದು ಸರ್ಕಾರವೇ ಹಿಂದೆ ತಡೆ ಹಾಕಿದ್ದು ಈ ರೋಗಕ್ಕಾಗಿ. ಹಿಪ್ಪುನೇರಳೆ ಕಡ್ಡಿಯನ್ನು ತಂದ ದಿನವೇ ತೋಟಕ್ಕೆ ಇಳಿಸದೆ, ಮನೆ ಹಿಂದೆ ಬೇರೆ ಮಡಿಯಲ್ಲಿ ಒಂದು ತಿಂಗಳು ಚಿಗುರಿಸಿ ನೋಡಬಹುದು. ಬಿಳಿ ಹಿಟ್ಟು ಕಂಡರೆ ಆ ಮಡಿಯೊಂದನ್ನು ಸುಟ್ಟರೆ ಮುಗಿಯಿತು.

ಕಡಲೆಕಾಯಿ ಹೊಲದ ಸುತ್ತ ಮೂರು ನಾಲ್ಕು ಸಾಲು ಜೋಳ ಅಥವಾ ಸಜ್ಜೆ ಹಾಕಿದರೆ ನುಸಿ ನೇರವಾಗಿ ಒಳಗೆ ಬರುವುದು ಕಡಿಮೆಯಾಗುತ್ತದೆ, ಇದು ವಿಜ್ಞಾನಿಗಳೂ ಹೇಳಿದ್ದು. ಕಾಂಗ್ರೆಸ್ ಗಿಡ ಮೊಳೆತ ಒಂದು ಒಂದೂವರೆ ತಿಂಗಳಿಗೆ ಹೂ ಬಿಡುತ್ತದೆ. ಮೇ ತಿಂಗಳ ಮಳೆಗೆ ಮೊಳೆತದ್ದು ಜುಲೈ ಬಿತ್ತನೆಯ ಹೊತ್ತಿಗೆ ಹೂವಾಗಿರುತ್ತದೆ. ಜೂನ್ ಮಧ್ಯದೊಳಗೆ, ನೆಲ ಹಸಿ ಇರುವಾಗ, ಬೇರು ಸಮೇತ ಕೀಳಬೇಕು. ಕೈಗೆ ಪ್ಲಾಸ್ಟಿಕ್ ಚೀಲವಾದರೂ ಕಟ್ಟಿಕೊಂಡು, ಮೂಗಿಗೆ ಟವೆಲು ಸುತ್ತಿಕೊಂಡು. ನಮ್ಮ ಊರಿಂದ ಗಡಿಕಲ್ಲಿನ ತನಕ ಒಂದೂವರೆ ಕಿಲೋಮೀಟರು ರಸ್ತೆ, ಕಲ್ಲಿನಾಚೆ ಕರ್ನಾಟಕದ ಮೊದಲ ಹಳ್ಳಿಯ ತನಕ ಇನ್ನೊಂದು. ಎರಡೂ ಪಂಚಾಯಿತಿಯವರು ಒಂದೇ ದಿನ ಇಪ್ಪತ್ತಿಪ್ಪತ್ತು ಆಳು ಹಾಕಿದರೆ ಸಂಜೆಯೊಳಗೆ ಮುಗಿಯುವ ಕೆಲಸ. ಈಚೆಯವರು ಮಾತ್ರ ಕಿತ್ತರೆ ಗಾಳಿ ಪಡುವಣದಿಂದ ಬೀಸುತ್ತದೆ.